ಅರಮನೆಯ ಜೊತೆ ಗಿರಣಿಯನ್ನೂ ನೋಡು

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಈಸ್ಟರ್ ರಜೆಗೆ ನೀನು ಹಾಕಿಕೊಂಡ ಪಟ್ಟಿ ನೋಡಿದೆ. ಇಂಗ್ಲೆಂಡಿನ ಡರ್ಬಿಶೈರ್‌ನ ದೊಡ್ಡ ಮನೆಗಳೆಲ್ಲ ಇವೆ, ಗಿರಣಿ ಒಂದೂ ಇಲ್ಲ. ಹಾಗೆ ಮಾಡಬೇಡ ಮಗಳೇ. ಆಳಿದವರ ಮನೆ ನೋಡಿದ ಮೇಲೆ ದುಡಿದವರ ಜಾಗವನ್ನೂ ಮಕ್ಕಳಿಗೆ ತೋರಿಸಬೇಕು.

ಮನೆಗಳಲ್ಲಿ ಕೆಡಲ್‌ಸ್ಟನ್ ಹಾಲ್ ಒಂದೇ ಸಾಕು. ಲಾರ್ಡ್ ಕರ್ಜನ್ ಹುಟ್ಟಿದ ಮನೆ ಅದು. ಕಲ್ಕತ್ತೆಯ ಗವರ್ನಮೆಂಟ್ ಹೌಸನ್ನು ಅದರದೇ ಮಾದರಿಯಲ್ಲಿ ಕಟ್ಟಿ 1803ರಲ್ಲಿ ಮುಗಿಸಿದ್ದರು. 1899ರಲ್ಲಿ ವೈಸ್‌ರಾಯ್ ಆಗಿ ಬಂದ ಕರ್ಜನ್ ತನ್ನ ಹುಟ್ಟುಮನೆಯನ್ನೇ ಹೋಲುವ ಮನೆಯಲ್ಲಿ ಕುಳಿತು ನಮ್ಮನ್ನು ಆಳಿದ. 1903ರ ದೆಹಲಿ ದರ್ಬಾರಿಗೆ ಅವನ ಹೆಂಡತಿ ಉಟ್ಟ ನವಿಲುಗರಿ ವಿನ್ಯಾಸದ ಉಡುಪು ಆ ಮನೆಯ ಸಂಗ್ರಹದಲ್ಲಿದೆ. ಗರಿಯ ಕಣ್ಣುಗಳಲ್ಲಿ ಹೊಳೆಯುವುದು ಜೀರುಂಡೆಯ ರೆಕ್ಕೆ, ಜರಿಯ ಕೆಲಸ ನಮ್ಮ ದೇಶದ ಕುಶಲಕರ್ಮಿಗಳದು. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಕೋಣೆಗಳಲ್ಲಿರುವ ಸ್ವಯಂಸೇವಕರನ್ನು ಸಂಕೋಚವಿಲ್ಲದೆ ಪ್ರಶ್ನೆ ಕೇಳು. ಕೇಳುವವರು ಬಂದರೆ ಅವರಿಗೂ ಸಂತೋಷ.

ಮರುದಿನ ಕ್ರಾಮ್‌ಫರ್ಡ್‌ಗೆ ಹೋಗಿ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಅಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಕಟ್ಟಿಸಿದ. ಆ ಜಾಗವನ್ನೇ ಏಕೆ ಆರಿಸಿದ ಎಂದು ಮಕ್ಕಳನ್ನು ಕೇಳು. ಸೀಸದ ಗಣಿಯಿಂದ ಹೊರಬರುವ ನೀರು ತುಸು ಬೆಚ್ಚಗಿರುತ್ತಿತ್ತು, ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಚಕ್ರ ನಿಲ್ಲದ ಕಾರಣ ಹನ್ನೆರಡು ಗಂಟೆಗಳ ಎರಡು ಪಾಳಿ, ಹಗಲೂ ರಾತ್ರಿಯೂ. ನಿನ್ನ ಮಕ್ಕಳ ವಯಸ್ಸಿನವರೂ ಅಲ್ಲಿ ದುಡಿದರು. ಇದನ್ನು ಮುಚ್ಚಿಡದೆ ಹೇಳು, ಆದರೆ ಹೆದರಿಸಬೇಡ. ಇಂಥ ಗಿರಣಿಗಳ ಅಗ್ಗದ ನೂಲು ಮುಂದೆ ನಮ್ಮ ಹಳ್ಳಿಗಳ ಚರಕಗಳನ್ನು ಮೂಲೆಗೆ ತಳ್ಳಿತು ಎಂಬುದನ್ನೂ ಹೇಳು.

ಹತ್ತಿರದ ನಾರ್ತ್ ಸ್ಟ್ರೀಟ್ ಬಿಡಬೇಡ. 1776ರಲ್ಲಿ ಕೆಲಸಗಾರರಿಗಾಗಿ ಕಟ್ಟಿಸಿದ ಮೂರಂತಸ್ತಿನ ಮನೆಗಳು ಈಗಲೂ ನಿಂತಿವೆ. ಮೇಲಿನ ಅಂತಸ್ತಿನ ಅಗಲವಾದ ಕಿಟಕಿಗಳನ್ನು ತೋರಿಸು, ಮಗ್ಗಕ್ಕೆ ಬೆಳಕು ಬೇಕೆಂದು ಇಟ್ಟವು ಅವು. ಹೆಂಡತಿ ಮಕ್ಕಳು ಗಿರಣಿಗೆ ಹೋದರೆ, ಗಂಡ ಮೇಲೆ ಕುಳಿತು ನೇಯುತ್ತಿದ್ದ. ನನಗಂತೂ ಕೆಡಲ್‌ಸ್ಟನ್‌ನ ಕಂಬಗಳಿಗಿಂತ ಆ ಕಿಟಕಿಗಳೇ ಹೆಚ್ಚು.

ಇಷ್ಟಾದ ಮೇಲೆ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕು. ಕ್ರಿಚ್‌ನಲ್ಲಿ ಹಳೆಯ ಕಲ್ಲುಗಣಿಯೊಳಗೆ ಟ್ರಾಮ್‌ಗಳ ಸಂಗ್ರಹಾಲಯವಿದೆ. ಹತ್ತಿ ಇಳಿಯುತ್ತ ದಿನವಿಡೀ ಆಡಲಿ, ಅಲ್ಲಿ ನಿನ್ನ ಪಾಠ ಬೇಡ.

ಕೆಡಲ್‌ಸ್ಟನ್ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು, ಅದರ ಸದಸ್ಯತ್ವವಿದ್ದರೆ ಟಿಕೆಟ್ ಬೇಡ; ಉಳಿದೆರಡು ಬೇರೆ ಸಂಸ್ಥೆಗಳವು. ಯಾವ ದಿನ ತೆರೆದಿರುತ್ತದೆ, ಆ ಉಡುಪು ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೋ. ಏಪ್ರಿಲ್ ಎಂದು ನಂಬಿ ಮಕ್ಕಳ ಮಳೆಯಂಗಿ ಬಿಟ್ಟು ಹೋಗಬೇಡ.

ಇಂತಿ,
ನಿನ್ನ ದೊಡ್ಡಪ್ಪ