ನಮ್ಮೂರ ಬ್ಯಾಂಡುಗಳಿಗೂ ಒಂದು ಸಂಜೆ ಕೊಡಿ

ಮಾನ್ಯರೆ,

ಸ್ವಂತ ಹಾಡು ಕಟ್ಟುವ ಹುಡುಗರ ಬ್ಯಾಂಡುಗಳಿಗೆ ಕಲಬುರಗಿಯಲ್ಲಿ ವೇದಿಕೆ ಸಿಗುವುದು ಬಹಳ ಕಷ್ಟ. ಮದುವೆ, ಗಣಪತಿ ಪೆಂಡಾಲ್‌ಗಳಲ್ಲಿ ಸಿನಿಮಾ ಹಾಡು ಹಾಡಿದರೆ ಮಾತ್ರ ಕರೆಯುತ್ತಾರೆ.

ಜನಪದ ಸೊಗಡಿನ ರಾಕ್ ಹಾಡುವ ಸ್ವರಾತ್ಮ ಬ್ಯಾಂಡನ್ನೇ ನೋಡಿ. 2009ರಲ್ಲಿ ಬಂದ ಮೊದಲ ಆಲ್ಬಂಗೆ ಅವರು ಬೇರೆ ಹೆಸರು ಹುಡುಕಲಿಲ್ಲ, ಬ್ಯಾಂಡಿನ ಹೆಸರನ್ನೇ ಇಟ್ಟರು. ಗಿಟಾರ್, ಡ್ರಮ್ಸ್ ಜೊತೆಗೆ ಪಿಟೀಲು. ಗಾಯಕರು ಕೀಲುಕುದುರೆ ವೇಷ ತೊಟ್ಟು ವೇದಿಕೆ ಮೇಲೆ ಕುಣಿಯುತ್ತಿದ್ದರು. ರಾಕ್ ಸಂಗೀತದವರಿಗೆ ಇದೆಲ್ಲ ಹುಚ್ಚಾಟ ಅನ್ನಿಸಿರಬಹುದು. ಜಾತ್ರೆ ನೋಡಿ ಬೆಳೆದ ನಮಗೆ ಅದು ಹೊಸದೇನಲ್ಲ, ಅಲ್ವಾ? ಅವರು ಬೆಂಗಳೂರಿನಲ್ಲಿದ್ದರು, ಸಣ್ಣಪುಟ್ಟ ವೇದಿಕೆಗಳು ಸಿಕ್ಕವು. ಹಾಡಿ ಹಾಡಿ ಪಳಗಿದ ಮೇಲೆ ಆಲ್ಬಂ ಮಾಡಿದರು. ನಮ್ಮ ಹುಡುಗರು ಮನೆಯ ಮಾಳಿಗೆ ಮೇಲೆ ನುಡಿಸಿಕೊಂಡೇ ಎಷ್ಟು ದಿನ ಇರಬೇಕು?

ಇದು ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಸೀಮೆ. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ತತ್ವಪದ ಹಾಡಿದರೆ ಕೂತು ಕೇಳುವ ಜನ ಇಲ್ಲಿದ್ದಾರೆ. ಗಿಟಾರ್ ಕಂಡ ಕೂಡಲೇ 'ಸುಮ್ನೆ ಗದ್ದಲ' ಎಂದು ಮುಖ ತಿರುಗಿಸುವುದು ಸರಿಯಲ್ಲ. (ಗದ್ದಲ ಸ್ವಲ್ಪ ಜಾಸ್ತಿಯೇ, ಒಪ್ಪುತ್ತೇನೆ.)

ಎಸ್.ಎಂ. ಪಂಡಿತ ರಂಗಮಂದಿರವನ್ನು ತಿಂಗಳಿಗೊಂದು ಸಂಜೆ ಕಡಿಮೆ ಬಾಡಿಗೆಗೆ ಇಂಥ ತಂಡಗಳಿಗೆ ಬಿಟ್ಟುಕೊಡಬೇಕು. ಅಲ್ಲಿ ಹಾಡಿದ್ದನ್ನು ಧ್ವನಿಮುದ್ರಿಸಿ ಕಲಬುರಗಿ ಆಕಾಶವಾಣಿ ಅರ್ಧ ಗಂಟೆ ಪ್ರಸಾರ ಮಾಡಲಿ. ಒಂದೇ ಷರತ್ತು ಸಾಕು: ಹಾಡು ಸ್ವಂತದ್ದಾಗಿರಬೇಕು.

– ಒಬ್ಬ ಕೇಳುಗ, ಕಲಬುರಗಿ