ಮಗಳಿಗೊಂದು ಪತ್ರ: ಹಸಿರಿಗೆ ಬಂದ ಮುಳ್ಳು

ಪುಟ್ಟಿ,

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಿದ್ದ ಏರ್ ಆಂಬ್ಯುಲೆನ್ಸ್ ವಿಮಾನದ ಬಗ್ಗೆ ಕೇಳಿದ್ದೀಯ: ಪೈಲಟ್‌ಗಳ ಮಾತು ಹಿಡಿದಿಡುವ ರೆಕಾರ್ಡರ್ ಸಿಕ್ಕೂ ಅದರಲ್ಲಿ ಏನೂ ಇರಲಿಲ್ಲ ಅಂದರೆ ಹೇಗೆ ಅಂತ. ವಿಮಾನದ ಮೇಂಟೆನೆನ್ಸ್ ಓದುವವಳು ಕೇಳಬೇಕಾದ ಪ್ರಶ್ನೆಯೇ.

2025ರ ಜನವರಿ 31, ಸಂಜೆ ಆರು ದಾಟಿತ್ತು. ಚಿಕಿತ್ಸೆ ಮುಗಿಸಿ ಊರಿಗೆ ಹೊರಟ ಮಗು, ಅದರ ತಾಯಿ, ನಾಲ್ವರು ಸಿಬ್ಬಂದಿ, ಎಲ್ಲರೂ ಮೆಕ್ಸಿಕೊದವರು. ಲಿಯರ್‌ಜೆಟ್ 55 ಜೆಟ್ ವಿಮಾನ ನಾರ್ತ್‌ಈಸ್ಟ್ ಫಿಲಡೆಲ್ಫಿಯಾ ನಿಲ್ದಾಣದ 24ನೇ ರನ್‌ವೇ ಬಿಟ್ಟು ಸುಮಾರು 1,500 ಅಡಿ ಏರಿತು, ನಿಮಿಷ ತುಂಬುವ ಮೊದಲೇ ಜನವಸತಿಯ ಮೇಲೆ ಬಿತ್ತು. ಆರೂ ಜನ ಹೋದರು, ನೆಲದ ಮೇಲಿದ್ದವರೂ ಸತ್ತರು. ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಎಂಟು ಅಡಿ ಮಣ್ಣಿನಡಿ ಸಿಕ್ಕಿತು. ತೊಳೆದು, ರಿಪೇರಿ ಮಾಡಿ ಕೇಳಿದರೆ ಆ ಹಾರಾಟದ ಒಂದು ಮಾತೂ ಇಲ್ಲ. ಹಲವು ವರ್ಷಗಳಿಂದಲೇ ಅದು ಧ್ವನಿ ಹಿಡಿದಿರಲಾರದು ಎಂದಿತು ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ. ಕೊನೆಗೆ ನೆಲ ಹತ್ತಿರವಾದಾಗ ಎಚ್ಚರಿಸುವ ಉಪಕರಣದ ಮೆಮೊರಿಯನ್ನು ಕೆದಕಬೇಕಾಯಿತು.

ಎಂಜಿನ್ ಕೆಟ್ಟರೆ ಜೆಟ್ ಹೊರಡುವುದಿಲ್ಲ. ರೆಕಾರ್ಡರ್ ಸತ್ತರೆ ಯಾರಿಗೂ ಏನೂ ಅಡ್ಡಿಯಿಲ್ಲ, ಅದೇ ತೊಂದರೆ. ಹಳೆಯವು 30 ನಿಮಿಷದ ಟೇಪ್ ಸುತ್ತು: ಟೇಪ್ ಸವೆಯುತ್ತದೆ, ಹೆಡ್‌ಗೆ ಕೊಳೆ ಕೂರುತ್ತದೆ. ಮೈಕ್‌ನ ಕನೆಕ್ಟರ್ ಸಡಿಲವಾದರೆ ಹೊಸ ಸಾಲಿಡ್ ಸ್ಟೇಟ್ ಪೆಟ್ಟಿಗೆಯೂ ಮೂಗವೇ.

ಟೆಸ್ಟ್ ಬಟನ್ ಒತ್ತಿ ಹಿಡಿದಾಗ ಮೀಟರಿನ ಮುಳ್ಳು ಹಸಿರು ಪಟ್ಟಿಗೆ ಬರುತ್ತದಲ್ಲ, ಅದನ್ನು ನೋಡಿ ಸಹಿ ಹಾಕಬೇಡ. ಅದು ಪೆಟ್ಟಿಗೆ ತಾನೇ ಹುಟ್ಟಿಸಿಕೊಂಡ ಟೋನ್. ಮೈಕ್‌ನಿಂದ ಪೆಟ್ಟಿಗೆವರೆಗಿನ ದಾರಿಗೆ ಅದು ಸಾಕ್ಷಿಯಲ್ಲ. ಜ್ಯಾಕ್‌ಗೆ ಹೆಡ್‌ಸೆಟ್ ಸಿಕ್ಕಿಸು, ಇಡೀ ಕಾಕ್‌ಪಿಟ್‌ನ ಸದ್ದು ಹಿಡಿಯುವ ಏರಿಯಾ ಮೈಕ್ ಕೆಳಗೆ ಒಂದರಿಂದ ಹತ್ತರವರೆಗೆ ಎಣಿಸು, ಕಿವಿಗೆ ಬರುತ್ತದಾ ನೋಡು. ಆಮೇಲೆ ಎರಡೂ ಪೈಲಟ್ ಮೈಕ್. ವರ್ಷದ ತಪಾಸಣೆಗೆ ರೆಕಾರ್ಡಿಂಗ್ ಇಳಿಸಿದಾಗ ನಾಲ್ಕೂ ಚಾನೆಲ್ ಬೇರೆ ಬೇರೆಯಾಗಿ ಕೇಳು, ಅದರಲ್ಲೂ ಟೇಕಾಫ್ ಭಾಗ. ಹ್ಯಾಂಗರಿನ ನಿಶ್ಶಬ್ದದಲ್ಲಿ ಸ್ಪಷ್ಟ ಕೇಳಿದ ಏರಿಯಾ ಮೈಕ್ ಪೂರ್ತಿ ಥ್ರಸ್ಟ್‌ನಲ್ಲಿ ಬರೀ ಗುಂಯ್ ಅನ್ನುವುದುಂಟು.

ಇನ್ನೊಂದು. ಏನಾದರೂ ಘಟನೆ ಆದ ಮೇಲೆ ಹಳೆಯ ಮಾತು ಅಳಿಸದಿರಲಿ ಎಂದು ರೆಕಾರ್ಡರ್‌ಗೆ ಕರೆಂಟ್ ಕೊಡುವ ಬ್ರೇಕರ್ ಎಳೆಯುತ್ತಾರೆ. ಎಳೆದವರು ಮತ್ತೆ ಒತ್ತಲು ಮರೆತರೆ ಮುಂದಿನ ಹಾರಾಟಗಳೆಲ್ಲ ಖಾಲಿ. ನೀನು ಎಳೆದರೆ ಅದು ಒಳಗೆ ಹೋಗದಂತೆ ತಡೆಯುವ ಕಾಲರ್ ಹಾಕಿ, ವಿಮಾನದ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಅಲ್ಲೇ ಬರೆದುಬಿಡು, ಚಹಾ ಕುಡಿದು ಬಂದ ಮೇಲಲ್ಲ.

ನಿನ್ನ
ಅಪ್ಪ