ಕಿಟಕಿ ನೋಡಿ ಶಾಲೆ ತೆರೆಯಿರಿ: ಕೊಡಗಿನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

2021ರ ಆಗಸ್ಟ್ 23ರಂದು ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ 9ರಿಂದ 12ನೇ ತರಗತಿಗಳು ಶುರುವಾದವು. ಕೋವಿಡ್ ಪಾಸಿಟಿವಿಟಿ ದರ (ಪರೀಕ್ಷೆಯಾದ ನೂರರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ 2ಕ್ಕಿಂತ ಹೆಚ್ಚೆಂದು ಕೊಡಗಿನಲ್ಲಿ ಶುರುವಾಗಲಿಲ್ಲ. ಅಂದಿನಿಂದ ಪೋಷಕರು ಎರಡು ಪಾಳಯ. ತೆರೆಯಿರಿ ಎನ್ನುವವರು ಮಕ್ಕಳ ಜೀವದ ಜೊತೆ ಆಡುವವರಂತೆ, ಬೇಡ ಎನ್ನುವವರು ಮನೆಯಲ್ಲಿ ವೈಫೈ ಇರುವವರಂತೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರೆ ಇಬ್ಬರ ಪ್ರಶ್ನೆಗಳೂ ಒಂದೇ: ಯಾವ ಕೋಣೆ, ಎಷ್ಟು ಮಕ್ಕಳು, ಯಾವ ಬಸ್ಸು? ಇವಕ್ಕೆ ಜಿಲ್ಲೆಗೊಂದೇ ಎಂಬ ಶೇಕಡಾವಾರು ಲೆಕ್ಕ ಉತ್ತರ ಕೊಡುವುದಿಲ್ಲ.

ಆ ಲೆಕ್ಕವನ್ನೇ ನೋಡಿ. ಸಾವಿರ ಪರೀಕ್ಷೆಯಲ್ಲಿ 30 ಪಾಸಿಟಿವ್ ಬಂದರೆ ಶೇ 3, ಶಾಲೆ ಮುಚ್ಚು. ಮರುದಿನ ಅದೇ 30 ಪ್ರಕರಣ, ಎರಡು ಸಾವಿರ ಪರೀಕ್ಷೆ ಮಾಡಿದರೆ ಶೇ 1.5, ಶಾಲೆ ತೆರೆ. ಸೋಂಕಿತರ ಸಂಪರ್ಕದಲ್ಲಿದ್ದವರನ್ನೇ ಹುಡುಕಿ ಪರೀಕ್ಷಿಸಿದ ದಿನ ದರ ಏರುತ್ತದೆ, ಅಂದರೆ ಆರೋಗ್ಯ ಸಿಬ್ಬಂದಿ ಸರಿಯಾಗಿ ಕೆಲಸ ಮಾಡಿದಷ್ಟೂ ಶಾಲೆ ದೂರ! 2011ರ ಜನಗಣತಿಯಂತೆ ಐದೂವರೆ ಲಕ್ಷ ಜನರ ಜಿಲ್ಲೆಯಿದು. ಕೇರಳದ ಕಡೆಯ ಕುಟ್ಟ, ಮಾಕುಟ್ಟ ಗಡಿಯ ಅಂಕಿಗೆ ಜಿಲ್ಲೆಯ ಉತ್ತರದ ಶನಿವಾರಸಂತೆಯ ಶಾಲೆಗೆ ಬೀಗ ಹಾಕುವುದು ಯಾವ ನ್ಯಾಯ?

ಇನ್ನು ಕೋಣೆಯ ವಿಚಾರ. 20 ಅಡಿ ಉದ್ದ, 20 ಅಡಿ ಅಗಲದ ತರಗತಿಯಲ್ಲಿ ಆರು ಅಡಿಗೊಬ್ಬರಂತೆ ಕೂರಿಸಿದರೆ ನಾಲ್ಕು ಸಾಲು, ಸಾಲಿಗೆ ನಾಲ್ವರು. ಕರಿಹಲಗೆ ಪಕ್ಕದ ಸಾಲನ್ನು ಶಿಕ್ಷಕರಿಗೆ ಬಿಟ್ಟರೆ 12 ಮಕ್ಕಳು. ಒಟ್ಟು ದಾಖಲಾತಿಯೇ ಇಪ್ಪತ್ತು ದಾಟದ ಪ್ರಾಥಮಿಕ ಶಾಲೆಗಳು ನಮ್ಮಲ್ಲಿವೆ. ಅಲ್ಲಿಗೆ ಮಕ್ಕಳು ನಡೆದೇ ಬರುತ್ತಾರೆ. ಪಟ್ಟಣದ ಪ್ರೌಢಶಾಲೆ, ಪಿಯು ಕಾಲೇಜಿಗೆ ಹತ್ತಾರು ಊರುಗಳಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಾರೆ. ನಾವು ಮಾತ್ರ ಮೇಲಿನ ತರಗತಿಯಿಂದಲೇ ತೆರೆಯುವ ಯೋಚನೆಯಲ್ಲಿದ್ದೇವೆ. ಸಿಬ್ಬಂದಿಗೆ ಲಸಿಕೆಯಾಗಿದ್ದರೆ ಪ್ರಾಥಮಿಕ ಶಾಲೆಯಿಂದ ಶುರುಮಾಡುವುದು ಲೇಸು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ ಜುಲೈನಲ್ಲೇ ಹೇಳಿದ್ದಾರೆ.

ಆದರೆ ಬೇಡ ಎನ್ನುವ ಪೋಷಕರು ಹೇಳುವ ಒಂದು ಮಾತು ನೂರಕ್ಕೆ ನೂರು ಸರಿ: ಈ ಮಳೆಯಲ್ಲಿ ಕಿಟಕಿ ತೆರೆಯುವವರು ಯಾರು? ಕಿಟಕಿ ತೆರೆದಿಡಿ ಎಂಬ ಮಾರ್ಗಸೂಚಿ ಬರೆದವರು ಬಯಲುಸೀಮೆಯ ಬಿಸಿಲಲ್ಲಿ ಕೂತು ಬರೆದಂತಿದೆ. ನಮ್ಮಲ್ಲಿ ಮಳೆ ಪಡುವಣದಿಂದ ಅಡ್ಡ ಹೊಡೆಯುತ್ತದೆ. ಆ ಬದಿಯ ಕಿಟಕಿಗಳು ಜೂನ್‌ನಿಂದಲೇ ಬಂದ್. ಮೇಲಿನ ಗವಾಕ್ಷಿಗಳಿಗೆ ಚಳಿ ತಡೆಯಲು ರಟ್ಟು, ಗೊಬ್ಬರದ ಚೀಲ ತುರುಕಿರುತ್ತಾರೆ. ಮೊದಲು ಆ ರಟ್ಟು ಕಿತ್ತು ಸೊಳ್ಳೆಪರದೆಯ ಜಾಲರಿ ಹೊಡೆಸಿ, ಹೊರಗೆ ಒಂದೂವರೆ ಅಡಿಯ ತಗಡಿನ ಇಳಿಜಾರು ಮಾಡು ಕೊಡಿಸಿ. ಸೀಲಿಂಗ್ ಫ್ಯಾನ್ ಇದ್ದಲ್ಲೇ ಇರುವ ಗಾಳಿಯನ್ನು ಕಲಕುತ್ತದೆ, ಬದಲಿಸುವುದಿಲ್ಲ.

ಎತ್ತರ ಹತ್ತಡಿ ಹಿಡಿದರೆ ಆ ಕೋಣೆಯಲ್ಲಿ 4,000 ಘನ ಅಡಿ ಗಾಳಿ. ಗಂಟೆಗೆ ಆರು ಸಲ ಬದಲಾಗಬೇಕೆಂದರೆ 24,000 ಘನ ಅಡಿ ಹೊರಹೋಗಬೇಕು, 12 ಇಂಚಿನ ಒಂದು ಎಕ್ಸಾಸ್ಟ್ ಫ್ಯಾನ್‌ಗೆ ಅದು ಭಾರವಲ್ಲ. ಮಳೆ ಹೊಡೆಯದ ಮೂಡಣ ಗೋಡೆಯಲ್ಲಿ, ಬಾಗಿಲಿಗೆ ಆದಷ್ಟು ದೂರದ ಮೂಲೆಯಲ್ಲಿ ಅದನ್ನು ಕೂರಿಸಬೇಕು. ತಪ್ಪಾಗುವುದು ಇಲ್ಲೇ. ಫ್ಯಾನಿನ ಪಕ್ಕದ ಕಿಟಕಿ ತೆರೆದಿಟ್ಟರೆ ಅದೇ ಗಾಳಿ ಒಳಬಂದು ಅಲ್ಲಿಂದಲೇ ಹೊರಗೆ. ಆಚೆ ಮೂಲೆಯ ಮಕ್ಕಳಿಗೆ ಏನೂ ಸಿಗುವುದಿಲ್ಲ. ಕರೆಂಟು ಹೋದರೆ? ಹೋಗೇ ಹೋಗುತ್ತದೆ. ಆಗ ಅರ್ಧ ಗಂಟೆ ಪಾಠ, ಹತ್ತು ನಿಮಿಷ ಮಕ್ಕಳು ಜಗಲಿಯಲ್ಲಿ, ಕೋಣೆಯ ಎಲ್ಲ ಕಿಟಕಿ ತೆರೆದಿರಲಿ. ತಾಲ್ಲೂಕಿಗೆ ಎರಡು ಇಂಗಾಲದ ಡೈಆಕ್ಸೈಡ್ ಮೀಟರ್ ಕೊಡಿಸಿದರೆ ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಶಾಲೆಗಳನ್ನು ಸುತ್ತಿ, ಉಸಿರು ಬಿಟ್ಟ ಗಾಳಿ ಕೋಣೆಯಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಬಹುದು. ಹೊರಗಿನ ಗಾಳಿಯಲ್ಲಿ ಆ ಡೈಆಕ್ಸೈಡ್ ಸುಮಾರು 400 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 400 ಭಾಗ. ಮಕ್ಕಳು ಕೂತ ಕೋಣೆಯಲ್ಲಿ 800 ದಾಟಿದರೆ ಮಕ್ಕಳ ಸಂಖ್ಯೆ ಇಳಿಸಿ.

ಮಾಸ್ಕ್ ಬಗ್ಗೆ ಒಂದೇ ಮಾತು: ಒದ್ದೆ ಬಟ್ಟೆಯ ಮಾಸ್ಕ್‌ನಲ್ಲಿ ಉಸಿರಾಡಲಾಗದೆ ಮಗು ಅದನ್ನು ಗಲ್ಲಕ್ಕೆ ಇಳಿಸುತ್ತದೆ. ದಿನಕ್ಕೆ ಎರಡು ಬೇಕು, ಶಾಲೆಗೆ ಬಂದ ಮೇಲೆ ಒಣಗಿದ್ದು.

ಹದಿನೇಳು ತಿಂಗಳಿಂದ ಹೆಚ್ಚು ಕಡಿಮೆ ಮುಚ್ಚಿಯೇ ಇದ್ದ ಕಟ್ಟಡಕ್ಕೆ ಬರೀ ಸ್ಯಾನಿಟೈಸರ್ ಸಿಂಪಡಿಸಿ ಫೋಟೊ ಹಾಕುವುದು ಬೇಡ. ಟ್ಯಾಂಕ್ ಖಾಲಿ ಮಾಡಿ, ತಿಕ್ಕಿ, ಸಾವಿರ ಲೀಟರಿಗೆ ಶೇ 25 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 200 ಗ್ರಾಂ ಕಲಸಿ ರಾತ್ರಿಯಿಡೀ ಬಿಟ್ಟು, ಆ ನೀರು ಪೂರ್ತಿ ಚೆಲ್ಲಿ ಮತ್ತೆ ತುಂಬಬೇಕು. ಪುಡಿ ಹಳೆಯದಾಗಿದ್ದರೆ ಕ್ಲೋರಿನ್ ಹಾರಿಹೋಗಿರುತ್ತದೆ, ವಾಸನೆ ನೋಡಿ ತಿಳಿಯಿರಿ. ತೊಲೆ, ಹೆಂಚು, ಶೌಚಾಲಯದ ಮೂಲೆಯ ಹಾವು ಇವೆಲ್ಲ ಪಂಚಾಯಿತಿಯ ಕೆಲಸ.

ಅರ್ಧ ದಿನದ ಶಾಲೆ ಕಾಗದದಲ್ಲಿ ಚೆನ್ನಾಗಿದೆ. ಮಧ್ಯಾಹ್ನ ಒಂದೂವರೆಗೆ ಬಿಟ್ಟರೆ ಸಂಜೆಯ ಬಸ್ಸಿಗೆ ಕಾಯುವ ಮಕ್ಕಳು ಒಂದೇ ತಂಗುದಾಣದಲ್ಲಿ ಗುಂಪುಗೂಡುತ್ತಾರೆ. ಕಾಯಲಾರದವರು ನಡೆಯುತ್ತಾರೆ, ಸಿದ್ದಾಪುರ, ಮಾಲ್ದಾರೆ ಕಡೆ ಆ ದಾರಿಯಲ್ಲಿ ಆನೆ. ಕೆಎಸ್‌ಆರ್‌ಟಿಸಿ ವೇಳಾಪಟ್ಟಿ ಬದಲಾಗದೆ ಶಾಲೆಯ ವೇಳಾಪಟ್ಟಿ ಬದಲಿಸಬೇಡಿ.

ಒಪ್ಪಿಗೆ ಪತ್ರದಿಂದಲೂ ಜಗಳ ಹೆಚ್ಚುತ್ತಿದೆ. ಸಹಿ ಹಾಕಿದರೆ ಹೊಣೆಯೆಲ್ಲ ನಮ್ಮದೇ ಎಂದು ಪೋಷಕರು ಭಾವಿಸುತ್ತಾರೆ. ಶಾಲೆ ಮಾಡುವುದೇನು ಎಂಬುದೂ ಅದೇ ಹಾಳೆಯಲ್ಲಿರಲಿ: ಮಕ್ಕಳ ಸಂಖ್ಯೆ, ಲಸಿಕೆ ಪಡೆದ ಸಿಬ್ಬಂದಿ, ಸೋಂಕು ಬಂದರೆ ಯಾವ ಕೋಣೆ ಎಷ್ಟು ದಿನ ಮುಚ್ಚುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು ಕಳಿಸದವರ ಹಾಜರಾತಿ ಕಡಿಯಬಾರದು. ಅವರಿಗೂ ಪಾಠ ಮುಟ್ಟಬೇಕು, ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಕೋಣೆಯಲ್ಲೂ ಮೊಬೈಲಲ್ಲೂ ಒಟ್ಟಿಗೆ ಕಲಿಸಿ ಎನ್ನುವುದು ಆಗದ ಮಾತು. ವಾರಕ್ಕೊಮ್ಮೆ ಅಭ್ಯಾಸದ ಹಾಳೆ ಮನೆಗೆ ಹೋಗಲಿ. ದೂರದರ್ಶನದ ಚಂದನ ವಾಹಿನಿಯ ‘ಸಂವೇದ’ ಪಾಠ ನಂಬಿ ಕೂರಲು ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ನವೆಂಬರ್‌ಗೆ ಅರೇಬಿಕಾ ಕಾಫಿ ಕೊಯ್ಲು ಶುರು, ಆಮೇಲೆ ರೊಬಸ್ಟಾ. ಕೊಯ್ಲಿಗೆ ಮೊದಲು ಶಾಲೆಗೆ ಮರಳದ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳ ಕೈಗೆ ಕಾಫಿ ಕೊಯ್ಯುವ ಚೀಲ ಬಂದರೆ ಬೇಸಿಗೆಯವರೆಗೂ ಪುಸ್ತಕ ಬರುವುದಿಲ್ಲ. ಯರವ, ಕುರುಬ ಆದಿವಾಸಿಗಳ ಹಾಡಿಗಳಲ್ಲಿ ಈಗಾಗಲೇ ಎಷ್ಟು ಮಕ್ಕಳು ಶಾಲೆ ಮರೆತಿದ್ದಾರೆಂದು ಶಿಕ್ಷಕರನ್ನೇ ಕೇಳಿ.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ನೀವು. ಪ್ರತಿ ಶಾಲೆಯ ಕೋಣೆ ಅಳತೆ, ಕಿಟಕಿ, ನೀರು, ಲಸಿಕೆ, ಬಸ್ಸು ಈ ಐದನ್ನು ಎಸ್‌ಡಿಎಂಸಿ ಒಂದೇ ಹಾಳೆಯಲ್ಲಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಹತ್ತು ದಿನದಲ್ಲಿ ಕೊಡಲು ಆದೇಶಿಸಿ. ಆ ಹಾಳೆಗಳನ್ನು ಮುಂದಿಟ್ಟು, ಪಂಚಾಯಿತಿವಾರು ಶಾಲೆ ತೆರೆಯಲು ಅನುಮತಿ ಬೇಕೆಂದು ಸರ್ಕಾರಕ್ಕೆ ಬರೆಯಿರಿ. ಹಾಳೆಯ ಒಂದು ಪ್ರತಿ ಶಾಲೆಯ ಬಾಗಿಲಿಗೂ ಅಂಟಿಸಿ, ಎರಡೂ ಪಾಳಯದವರು ಓದಲಿ.

ಇಂತಿ,
ಕೊಡಗಿನ ಸರ್ಕಾರಿ ಶಾಲೆಗಳ ಕೆಲವು ಪೋಷಕರು ಮತ್ತು ನಿವೃತ್ತ ಶಿಕ್ಷಕರು
ಆಗಸ್ಟ್ 2021